ಊರಿನ ಶಾಲೆಯನ್ನು ಪಕ್ಕದೂರಿಗೆ ಸೇರಿಸ್ತಾರಂತೆ: ವಕೀಲರಿಗೆ ಕೆಲವು ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಮಲೆನಾಡಿನ ಸಣ್ಣ ಊರು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ, ಒಂದರಿಂದ ಐದರವರೆಗೆ 14 ಮಕ್ಕಳು. ಹೋದ ವಾರ ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು, ಜೂನ್‌ನಿಂದ ಮಕ್ಕಳನ್ನು ಹೋಬಳಿಯ ಕೆಪಿಎಸ್‌ಗೆ (ಕರ್ನಾಟಕ ಪಬ್ಲಿಕ್ ಸ್ಕೂಲ್) ಕಳಿಸಿ, ಅಲ್ಲಿ ಇಂಗ್ಲಿಷ್ ಮೀಡಿಯಂ ಇದೆ, ವ್ಯಾನೂ ಬರುತ್ತೆ ಅಂದರು. ಆರ್ಡರ್ ತೋರಿಸಿ ಅಂದರೆ ಇನ್ನೂ ಬಂದಿಲ್ಲವಂತೆ. ಆದರೆ ಟಿಸಿಗೆ (ವರ್ಗಾವಣೆ ಪತ್ರ) ಈಗಲೇ ಅರ್ಜಿ ಬರೆದುಕೊಡಬೇಕಂತೆ! ಆ ಶಾಲೆ ರಸ್ತೆಯಲ್ಲಿ ಹೋದರೆ ನಾಲ್ಕೂವರೆ ಕಿ.ಮೀ. ನಡುವೆ ಹಳ್ಳ ಇದೆ, ಮಳೆಗಾಲದಲ್ಲಿ ಕಾಲುಸಂಕದ ಮೇಲೆ ದಾಟಬೇಕು. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಇದನ್ನು ತಡೆಯೋದು ಹೇಗೆ? ಕೋರ್ಟಿಗೆ ಹೋಗಬೇಕಾ?

ವಕೀಲರು: ನಮಸ್ಕಾರ. ಕೋರ್ಟು ಆಮೇಲೆ. ಮೊದಲು ಈ ಸಂಜೆಯೇ 14 ಮಕ್ಕಳ ಮನೆಗೂ ಹೋಗಿ, ಟಿಸಿ ಅರ್ಜಿಗೆ ಯಾರೂ ಸಹಿ ಹಾಕಬೇಡಿ ಅಂತ ಹೇಳಿ ಬನ್ನಿ. ಇದಕ್ಕಿಂತ ದೊಡ್ಡ ಕೆಲಸ ಸದ್ಯಕ್ಕೆ ಇಲ್ಲ.

ಯಾಕೆ ಅಂತ ಹೇಳ್ತೀನಿ. ನನ್ನ ಹತ್ತಿರ ಬಂದ ಇಂಥ ಪ್ರಕರಣಗಳಲ್ಲಿ ಶಾಲೆ ಆದೇಶದಿಂದ ಮುಚ್ಚಿದ್ದು ಕಡಿಮೆ, ಖಾಲಿಯಾಗಿ ಮುಚ್ಚಿದ್ದೇ ಜಾಸ್ತಿ. ಇಬ್ಬರು ಶಿಕ್ಷಕರಿದ್ದ ಕಡೆ ಒಬ್ಬರನ್ನು 'ಹೆಚ್ಚುವರಿ' ಅಂತ ಎತ್ತುತ್ತಾರೆ, ಇನ್ನೊಬ್ಬರನ್ನು ವಾರಕ್ಕೆ ಮೂರು ದಿನ ಬೇರೆ ಕಡೆ ನಿಯೋಜನೆ ಮಾಡ್ತಾರೆ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಅರ್ಧ ಮಳೆಗಾಲ ಕಳೆದಿರುತ್ತೆ. ಪಾಠ ನಡೆಯೋದಿಲ್ಲ ಅಂತ ತಂದೆತಾಯಿಗಳೇ ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸ್ತಾರೆ. ಕೊನೆಗೆ ಕಡತದಲ್ಲಿ ಉಳಿಯೋದು ಎರಡೇ ಪದ, 'ಶೂನ್ಯ ದಾಖಲಾತಿ'. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಅಂತ ಮೇಲಿನವರು ಹೇಳ್ತಾರಲ್ಲ, ಈ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ನೀವು ಟಿಸಿ ಅರ್ಜಿ ಕೊಟ್ಟರಂತೂ 'ಪೋಷಕರ ಕೋರಿಕೆ ಮೇರೆಗೆ' ಅಂತ ಬರೆದು ಮುಗಿಸ್ತಾರೆ. ಆಮೇಲೆ ಯಾವ ಜಡ್ಜ್ ಎದುರು ನಿಂತು ಏನು ಹೇಳ್ತೀರಿ?

ಕಾನೂನು ನಿಮ್ಮ ಪರ ಇದೆ, ಸಾಕಷ್ಟು ಗಟ್ಟಿಯಾಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನೆರೆಹೊರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳೋದು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಯ ಕರ್ತವ್ಯ. ನೆರೆಹೊರೆ ಅಂದರೆ ಒಂದರಿಂದ ಐದನೇ ತರಗತಿಗೆ ಒಂದು ಕಿ.ಮೀ., ಆರರಿಂದ ಎಂಟಕ್ಕೆ ಮೂರು ಕಿ.ಮೀ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರದ 2010ರ ಮಾದರಿ ನಿಯಮಗಳಲ್ಲಿ ಗುಡ್ಡ ಕುಸಿಯುವ, ನೆರೆ ಬರುವ, ರಸ್ತೆ ಇಲ್ಲದ, ಸಣ್ಣ ಮಕ್ಕಳಿಗೆ ಹೋಗಿ ಬರುವ ದಾರಿಯೇ ಅಪಾಯ ಆಗಿರುವ ಜಾಗಗಳಲ್ಲಿ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕು ಅಂತಿದೆ. ನಿಮ್ಮ ಕಾಲುಸಂಕಕ್ಕೆ ಹೇಳಿ ಬರೆಸಿದಂತಿದೆ ಅಲ್ವಾ.

ಮಕ್ಕಳ ಸಂಖ್ಯೆ ಕಡಿಮೆ ಅನ್ನೋ ಮಾತಿಗೂ ಉತ್ತರ ಇದೆ. ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಯ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತಿದೆ. ಇಂತಿಷ್ಟು ಮಕ್ಕಳಿಗಿಂತ ಕಡಿಮೆ ಇದ್ದರೆ ಶಾಲೆ ಬೇಡ ಅಂತ ಕಾಯ್ದೆ ಎಲ್ಲೂ ಹೇಳಿಲ್ಲ.

ಪ್ರಶ್ನೆ: ಆರ್ಡರೇ ಇಲ್ಲ ಅಂದಮೇಲೆ ಯಾವುದರ ವಿರುದ್ಧ ಹೋರಾಡೋದು ಮೇಡಂ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದ್ರೆ "ನಮಗೇನೂ ಗೊತ್ತಿಲ್ಲ, ಮೇಲಿಂದ ಬಂದಿದೆ" ಅಂತಾರೆ.

ವಕೀಲರು: ಅದಕ್ಕೇ ಬಾಯಿಮಾತಿನಲ್ಲಿ ಹೇಳಿ ಹೋಗೋದು. ಬಾಯಿಮಾತಿಗೆ ಮೇಲ್ಮನವಿ ಇಲ್ಲ. ಅವರನ್ನು ಕಾಗದಕ್ಕೆ ಎಳೆಯಬೇಕು.

ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇದ್ದವರ ಹೆಸರಲ್ಲಿ ಹಾಕಿದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯೋಕೆ ಹೋಗಬೇಡಿ, ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಕೇಳಬೇಕಾದ್ದು ಇಷ್ಟು: ನಮ್ಮ ಶಾಲೆಯನ್ನು ವಿಲೀನ ಮಾಡುವ ಪ್ರಸ್ತಾವನೆಯ ಪ್ರತಿ, ಆ ಕಡತದ ಟಿಪ್ಪಣಿ ಹಾಳೆಗಳು, ಎರಡು ಶಾಲೆಗಳ ನಡುವಿನ ದೂರವನ್ನು ಯಾರು ಯಾವಾಗ ಹೇಗೆ ಅಳೆದರು ಅನ್ನೋ ವರದಿ, ಮೂರು ವರ್ಷದಲ್ಲಿ ಈ ಶಾಲೆಯ ಶಿಕ್ಷಕರನ್ನು ನಿಯೋಜನೆ ಮಾಡಿದ ಆದೇಶಗಳು. 'ಯಾಕೆ' ಅಂತ ಕೇಳಬೇಡಿ, ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. 'ಅಂಥ ಪ್ರಸ್ತಾವನೆ ಇಲ್ಲ' ಅಂತ ಉತ್ತರ ಬಂದರೆ ಬೇಜಾರು ಮಾಡ್ಕೋಬೇಡಿ. ಅದನ್ನು ಜೋಪಾನವಾಗಿ ಇಡಿ. ಜೂನ್‌ನಲ್ಲಿ ಯಾರಾದರೂ ಟಿಸಿ ಅಂತ ಬಂದರೆ ಅದೇ ಕಾಗದ ತೋರಿಸಿ.

ಜತೆಗೆ ಎಸ್‌ಡಿಎಂಸಿ ಸಭೆ ಕರೆದು ನಿರ್ಣಯ ಮಾಡಿ, ಅದನ್ನೇ ಗ್ರಾಮಸಭೆಗೂ ತನ್ನಿ. ಇಲ್ಲೊಂದು ಕಿತಾಪತಿ ನಡೆಯುತ್ತೆ, ಹುಷಾರಾಗಿರಿ. ಗ್ರಾಮಸಭೆಯಲ್ಲಿ ಎಲ್ಲರೂ ಕೂಗಾಡ್ತಾರೆ, ಅಧ್ಯಕ್ಷರು ಆಯ್ತು ಆಯ್ತು ಅಂತಾರೆ, ನಡಾವಳಿ ಪುಸ್ತಕದಲ್ಲಿ ಮೊದಲೇ ಸಹಿ ಹಾಕಿಸಿಕೊಂಡು "ವಿಷಯ ಆಮೇಲೆ ಬರ್ಕೊಳ್ತೀವಿ" ಅಂತಾರೆ. ತಿಂಗಳಾದ ಮೇಲೆ ನೋಡಿದರೆ 'ಶಾಲೆಯ ಕುರಿತು ಚರ್ಚಿಸಲಾಯಿತು' ಅಂತ ಒಂದು ಸಾಲು. ನಿರ್ಣಯದ ಒಕ್ಕಣೆಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಸಭೆಯಲ್ಲಿ ಗಟ್ಟಿಯಾಗಿ ಓದಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಯಲ್ಲಿ ಪುಸ್ತಕಕ್ಕೆ ಬರೆಸಿದ ಮೇಲೇ ಸಹಿ ಹಾಕಿ, ಹಾಕಿದ ತಕ್ಷಣ ಆ ಪುಟದ ಫೋಟೋ ತೆಗೆಯಿರಿ. ನಾಲ್ಕು ಜನ ಮುಖ ಸಿಂಡರಿಸಬಹುದು, ಪರವಾಗಿಲ್ಲ.

ಮನವಿ ಎಲ್ಲಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಪ್ರಶ್ನೆ: ದೂರದ ವಿಷಯಕ್ಕೆ ಬರ್ತೀನಿ. ಅವರ ಲೆಕ್ಕದಲ್ಲಿ ಎರಡೂ ಶಾಲೆ ನಡುವೆ ಎರಡೂವರೆ ಕಿ.ಮೀ. ಅಂತೆ! ಮ್ಯಾಪಲ್ಲಿ ನೇರ ಗೆರೆ ಎಳೆದಿದ್ದಾರೆ ಅನ್ಸುತ್ತೆ.

ವಕೀಲರು: ಇರಬಹುದು. ಹಾಗಾದರೆ ನೀವೇ ನಡೆದು ಅಳೆಯಿರಿ. ಶಾಲೆಯಿಂದ ಶಾಲೆಗೆ ಅಲ್ಲ, ಅತಿ ದೂರದ ಮಗುವಿನ ಮನೆ ಬಾಗಿಲಿನಿಂದ. ಒಂದನೇ ತರಗತಿ ಮಗುವನ್ನೇ ಜತೆಗೆ ಕರ್ಕೊಂಡು ಹೋಗಿ, ಬ್ಯಾಗ್ ಸಮೇತ. ಮಗು ನಡೆಯುವ ವೇಗದಲ್ಲಿ ಎಷ್ಟು ನಿಮಿಷ ಆಗುತ್ತೆ, ಎಲ್ಲಿ ಕೂತ್ಕೊಳ್ಳುತ್ತೆ, ಎಲ್ಲಿ ಎತ್ಕೊಳ್ಳಬೇಕಾಯ್ತು, ಎಲ್ಲ ಬರೆಯಿರಿ. ಸಂಕದ ಅಗಲ ಎಷ್ಟು, ಕೈಹಿಡಿ ಇದೆಯಾ ಇಲ್ಲವಾ, ಹೋದ ಜುಲೈನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಅದರ ಗುರುತು. ಆನೆ ದಾರಿ ಇದ್ದರೆ ಅದನ್ನೂ ಬರೆಯಿರಿ. ತಾರೀಖು ಬರುವ ಹಾಗೆ ಫೋಟೋ ತೆಗೆಯಿರಿ. ಕೈಯಲ್ಲಿ ಬರೆದ ನಕ್ಷೆ ಸಾಕು, ಕೆಳಗೆ ಎಲ್ಲ ಪೋಷಕರ ಸಹಿ ಅಥವಾ ಹೆಬ್ಬೆಟ್ಟು ಇರಲಿ.

ಇದು ಸುಮ್ನೆ ಹೇಳ್ತಿಲ್ಲ. ಉತ್ತರ ಪ್ರದೇಶದಲ್ಲಿ 2025ರ ಜೂನ್‌ನಲ್ಲಿ ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಜೋಡಿಸುವ ಆದೇಶ ಬಂತು. ಸೀತಾಪುರ ಜಿಲ್ಲೆಯ ಮಕ್ಕಳ ಪರವಾಗಿ ಅಲಹಾಬಾದ್ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಅರ್ಜಿ ವಜಾ ಆಯ್ತು. ಅಷ್ಟಕ್ಕೇ ಸುಮ್ಮನಾಗದೆ ಮೇಲ್ಮನವಿ ಹಾಕಿದರು. ಜುಲೈನಲ್ಲಿ ವಿಭಾಗೀಯ ಪೀಠ ಸರ್ಕಾರ ಕೊಟ್ಟ ದಾಖಲೆಗಳಲ್ಲೇ ತಾಳೆಯಾಗದ ಅಂಶಗಳನ್ನು ಕಂಡು ಆ ಜಿಲ್ಲೆಯ ಮಟ್ಟಿಗೆ ಯಥಾಸ್ಥಿತಿ ಕಾಪಾಡಿ ಅಂದಿತು. ಅದಾದ ಕೆಲವೇ ದಿನಕ್ಕೆ, ಒಂದು ಕಿ.ಮೀ.ಗಿಂತ ದೂರದ ಶಾಲೆಗೆ ಸೇರಿಸಲ್ಲ, 50ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆ ಮುಟ್ಟಲ್ಲ ಅಂತ ಅಲ್ಲಿನ ಸರ್ಕಾರವೇ ಹೇಳಿತು. ಹಳ್ಳಿಹಳ್ಳಿಯಲ್ಲಿ ಜನ ಬೀದಿಗೆ ಬಂದಿದ್ದೂ ಅದಕ್ಕೆ ಕಾರಣ, ಒಪ್ತೀನಿ. ಆದರೆ ಕೋರ್ಟಿನಲ್ಲಿ ಕೆಲಸಕ್ಕೆ ಬಂದಿದ್ದು ಭಾಷಣ ಅಲ್ಲ, ದಾಖಲೆಯಲ್ಲಿನ ತಪ್ಪು ಲೆಕ್ಕ.

ಇನ್ನೊಬ್ಬರು (ಶಿಕ್ಷಕರು): ಮೇಡಂ, ಒಂದು ಮಾತು ಹೇಳ್ಲಾ, ಬೇಜಾರಾಗಬೇಡಿ. ನಾನು ಇಂಥದ್ದೇ ಶಾಲೆಯಲ್ಲಿ ಒಬ್ಬನೇ ಐದು ತರಗತಿ ನೋಡ್ಕೊಂಡಿದ್ದೇನೆ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರದ ಆನ್‌ಲೈನ್ ದಾಖಲೆ) ಎಂಟ್ರಿ, ಗಣತಿ, ಚುನಾವಣೆ, ಎಲ್ಲಾ ನಾನೇ. ಪಾಠ ಮಾಡೋದು ಯಾವಾಗ? 14 ಮಕ್ಕಳು ದೊಡ್ಡ ಶಾಲೆಗೆ ಹೋದರೆ ಅವರಿಗೇ ಒಳ್ಳೇದಲ್ವಾ?

ವಕೀಲರು: ಸರ್, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ದೊಡ್ಡ ಶಾಲೆಗೆ ಕಳಿಸ್ತೀನಿ ಅನ್ನೋ ತಾಯಿಯನ್ನು ನಾನು ಬೈಯೋದಿಲ್ಲ, ಆಕೆಗೆ ಆ ಹಕ್ಕಿದೆ. ಚಳವಳಿ ಮಾಡುವವರೂ ಬೈಯಬಾರದು, ಬೈದರೆ ಊರು ಎರಡಾಗುತ್ತೆ.

ಆದರೆ ನಿಮ್ಮ ಕಷ್ಟಕ್ಕೆ ಕಾರಣ ಶಾಲೆ ಸಣ್ಣದಿರೋದಾ, ಎರಡನೇ ಶಿಕ್ಷಕರನ್ನು ಕೊಡದಿರೋದಾ? ಖಾಲಿ ಹುದ್ದೆ ತುಂಬದೆ, ಗುಮಾಸ್ತರ ಕೆಲಸವನ್ನೂ ನಿಮ್ಮ ತಲೆಗೆ ಕಟ್ಟಿ, ಆಮೇಲೆ ಗುಣಮಟ್ಟ ಇಲ್ಲ ಅಂತ ಶಾಲೆಯನ್ನೇ ಎತ್ತೋದು ಯಾವ ನ್ಯಾಯ? ವ್ಯಾನ್ ಮಾತು ಬೇರೆ. ವ್ಯಾನಿಗೆ ಈ ವರ್ಷ ದುಡ್ಡಿರುತ್ತೆ. ಮೂರನೇ ವರ್ಷ ಡೀಸೆಲ್ ಬಿಲ್ ಪಾಸಾಗಿಲ್ಲ ಅಂದಾಗ ಮೊದಲು ಮನೆಯಲ್ಲಿ ಉಳಿಯೋದು ಯಾರು? ಹೆಣ್ಣುಮಕ್ಕಳು, ಕೂಲಿ ಲೈನಿನ ಮಕ್ಕಳು. ಹಾಗಾಗಿ ನನ್ನ ಸಲಹೆ ಇಷ್ಟೇ, 'ಶಾಲೆ ಮುಚ್ಚಬೇಡಿ' ಅಂತ ಮಾತ್ರ ಬ್ಯಾನರ್ ಕಟ್ಟಬೇಡಿ. 'ಇಬ್ಬರು ಪೂರ್ಣಾವಧಿ ಶಿಕ್ಷಕರನ್ನು ಕೊಡಿ' ಅಂತ ಕೇಳಿ. ಅದು ಸಿಕ್ಕರೆ ಮೊದಲನೇದು ತಾನಾಗೇ ನಿಲ್ಲುತ್ತೆ.

ಪ್ರಶ್ನೆ: ನಮ್ಮ ಹುಡುಗರು ರಸ್ತೆ ತಡೆ ಮಾಡೋಣ, ಬಿಇಒ ಆಫೀಸಿಗೆ ಬೀಗ ಹಾಕೋಣ ಅಂತ ಕೂತಿದ್ದಾರೆ. ಕೇಸ್ ಆಗುತ್ತಾ?

ವಕೀಲರು: ಆಗುತ್ತೆ. ರಸ್ತೆ ತಡೆದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮ ಕೂಟ, ದಾರಿಗೆ ಅಡ್ಡಿ. ಅಧಿಕಾರಿಯನ್ನು ಒಳಗೆ ಹಾಕಿ ಬೀಗ ಜಡಿದರೆ ಇನ್ನೂ ದೊಡ್ಡ ಸೆಕ್ಷನ್. ಆ ಹುಡುಗರಲ್ಲಿ ಯಾರೋ ಪಾಸ್‌ಪೋರ್ಟ್ ಮಾಡಿಸ್ತಿರ್ತಾರೆ, ಯಾರೋ ಪೊಲೀಸ್ ಪರೀಕ್ಷೆ ಬರೆದಿರ್ತಾರೆ. ವರ್ಷಗಟ್ಟಲೆ ಕೋರ್ಟಿಗೆ ಅಲೆಯೋರು ಅವರೇ, ಭಾಷಣ ಮಾಡಿದ ಮುಖಂಡರಲ್ಲ.

ಧರಣಿ ಮಾಡಿ, ಆದರೆ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ತಗೊಳ್ಳಿ. ತಹಶೀಲ್ದಾರ್ ನಿಷೇಧಾಜ್ಞೆ ಹೊರಡಿಸಿದ್ದಾರಾ ಅಂತ ಕೇಳಿ. ಮೊದಲು 144 ಅಂತಿದ್ದೆವು, 2024ರ ಜುಲೈನಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ ಬೋರ್ಡ್ ಹಿಡಿಸಬೇಡಿ, ನಿಮ್ಮ ಮೇಲೇ ದೂರು ತಿರುಗುತ್ತೆ. ತಾಯಂದಿರು ಬರಲಿ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಮಹಿಳೆಯರಿರಬೇಕು ಅಂತ ಕಾಯ್ದೆಯೇ ಹೇಳುತ್ತೆ. ಮನವಿಯನ್ನು ಅವರೇ ಕೊಡಲಿ, ಮಾತೂ ಅವರೇ ಆಡಲಿ. ಪ್ರತಿ ಸಲ ಗಂಡಸರೇ ಮೈಕ್ ಹಿಡಿಯೋದು ಯಾಕೋ ನಂಗೆ ಇನ್ನೂ ಅರ್ಥ ಆಗಿಲ್ಲ.

ಪ್ರಶ್ನೆ (ಬೇರೆ ಊರಿಂದ): ನಮ್ಮಲ್ಲಿ ಶಾಲೆ ಇದೆ, ಹೈಸ್ಕೂಲ್ ಮಕ್ಕಳ ಬೆಳಗಿನ ಬಸ್ ಟ್ರಿಪ್ಪೇ ಕಟ್ ಆಗಿದೆ. ಕಲೆಕ್ಷನ್ ಇಲ್ಲ ಅಂತಾರೆ.

ವಕೀಲರು: ಪಾಸ್ ಇರುವ ಮಕ್ಕಳು, ಶಕ್ತಿ ಯೋಜನೆಯ ಹೆಂಗಸರು ಹತ್ತಿದರೆ ಕಂಡಕ್ಟರ್ ಬ್ಯಾಗಿಗೆ ನಗದು ಕಡಿಮೆ ಬೀಳೋದು ಸಹಜ, ಹಾಗಂತ ಬಸ್ ಖಾಲಿ ಅಂತಲ್ಲ. ಎಷ್ಟು ಮಕ್ಕಳಿಗೆ ಪಾಸ್ ಇದೆ ಅಂತ ಶಾಲೆಯಿಂದ ಪಟ್ಟಿ ಮಾಡಿಸಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಡಿಪೋ ಮ್ಯಾನೇಜರ್‌ಗೆ ಕೊಡಿ, ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಟ್ರಿಪ್ ರದ್ದು ಮಾಡಿದ ಆದೇಶ ಆರ್‌ಟಿಐನಲ್ಲಿ ಕೇಳಿ. ಬಸ್ಸಿನ ವಿಷಯ ಶಾಲೆಗಿಂತ ಬೇಗ ಸರಿಹೋಗುತ್ತೆ.

ಪ್ರಶ್ನೆ: ಕೊನೇದಾಗಿ ಮೇಡಂ, ನೀವು ಹೇಳೋ ಮೊದಲೇ ಮೂರು ಮನೆಯವರು ಟಿಸಿಗೆ ಸಹಿ ಹಾಕಿಬಿಟ್ಟಿದ್ದಾರೆ. ಇನ್ನೊಂದು, ಶಾಲೆ ಜಾಗವನ್ನು ನಮ್ಮ ಅಜ್ಜನ ಕಾಲದಲ್ಲಿ ಊರಿನ ಒಬ್ಬರು ದಾನ ಕೊಟ್ಟಿದ್ದು. ಅದಕ್ಕೇನಾದ್ರೂ ಬೆಲೆ ಇದೆಯಾ?

ವಕೀಲರು: ದಾನಪತ್ರ ಹುಡುಕಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗಬಹುದು. 'ಶಾಲೆಗಾಗಿ ಮಾತ್ರ' ಅಂತ ಷರತ್ತು ಇದ್ದರೆ ನನಗೆ ತೋರಿಸಿ, ಆಗ ಮಾತು ಬೇರೆ ಆಗುತ್ತೆ. ಷರತ್ತು ಇಲ್ಲದಿದ್ದರೂ ಶಾಲೆ ಹೆಸರಲ್ಲಿ ಜಾಗದ ಖಾತೆ ಆಗಿದೆಯಾ ನೋಡಿ, ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಖಾಲಿ ಬಿದ್ದ ಶಾಲೆ ಜಾಗದ ಮೇಲೆ ಎಷ್ಟು ಜನರ ಕಣ್ಣಿರುತ್ತೆ ಅಂತ ನಾನು ಹೇಳಬೇಕಿಲ್ಲ.

ಆ ಮೂರು ಮನೆಯವರು ನಾಳೆಯೇ ಮುಖ್ಯ ಶಿಕ್ಷಕರಿಗೆ ಪತ್ರ ಬರೆಯಲಿ, 'ಟಿಸಿ ಕೋರಿಕೆಯನ್ನು ವಾಪಸ್ ಪಡೆದಿದ್ದೇವೆ, ಮಗು ಇದೇ ಶಾಲೆಯಲ್ಲಿ ಮುಂದುವರಿಯುತ್ತೆ' ಅಂತ. ಎರಡು ಸಾಲು ಸಾಕು, ಸೀಲು ಹಾಕಿದ ಪ್ರತಿ ಮರೆಯಬೇಡಿ. ಟಿಸಿ ಆಗಲೇ ಕೊಟ್ಟಿದ್ದರೂ ಗಾಬರಿ ಬೇಡ, ಅದೇ ಶಾಲೆಗೆ ಮತ್ತೆ ದಾಖಲಾತಿ ಕೇಳಿ. ತಡವಾಯ್ತು ಅಂತ ಮಗುವಿಗೆ ಸೀಟು ನಿರಾಕರಿಸುವಂತಿಲ್ಲ, ಕಾಯ್ದೆಯ 15ನೇ ಸೆಕ್ಷನ್. ನಿರಾಕರಿಸಿದರೆ 32ನೇ ಸೆಕ್ಷನ್‌ನಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಅದರ ಮೇಲೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಇಷ್ಟೂ ಮಾಡಿ ಮೇ ತಿಂಗಳ ಕೊನೆಗೂ ಎರಡನೇ ಶಿಕ್ಷಕರು ಬರಲಿಲ್ಲ ಅಂದರೆ ಎಲ್ಲ ಕಾಗದ ಒಂದು ಫೈಲಿಗೆ ಹಾಕಿಕೊಂಡು ಬನ್ನಿ, ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ ಬಗ್ಗೆ ಆಗ ಕೂತು ಮಾತಾಡೋಣ.