ಪದ ಬೇಕು: 'ರಿಮೋಟ್ ಸೆಷನ್' (ಲ್ಯಾಬಿನ ಗೋಡೆಗೆ, ನಾಳೆಗೇ)

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಕನ್ನಡದಲ್ಲಿ ಸೂಚನೆಯ ಹಾಳೆ ಮಾಡ್ತಿದ್ದೀನಿ, ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ದೂರದ ಸರ್ವರಿಗೆ ಕನೆಕ್ಟ್ ಆಗಲು ಬಳಸುವ ಪುಟ್ಟಿ (PuTTY) ಎಂಬ ತಂತ್ರಾಂಶದಲ್ಲಿ ಒಂದೊಂದು ಸರ್ವರಿನ ವಿವರ ಸೇವ್ ಮಾಡಿಟ್ಟು, ಅವನ್ನೆಲ್ಲ ಲೋಡ್ ಮಾಡುವ ಸಾಲುಗಳನ್ನು ಒಂದು ಬ್ಯಾಚ್ ಫೈಲಿಗೆ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲಿಗೆ) ಹಾಕಿದ್ದೇವೆ. ಐಕಾನ್ ಒತ್ತಿದರೆ ಸಾಕು, ಎಲ್ಲ ಕಿಟಕಿಗಳೂ ಒಟ್ಟಿಗೆ ತೆರೆಯುತ್ತವೆ. 'ರಿಮೋಟ್ ಸೆಷನ್‌ಗಳು ತಾನಾಗೇ ತೆರೆದುಕೊಳ್ಳುತ್ತವೆ' ಅನ್ನುವುದಕ್ಕೆ ಕನ್ನಡ ಏನು? 'ಅಧಿವೇಶನ' ಬೇಡ. ಹುಡುಗರು ವಿಧಾನಸಭೆ ಅಂದ್ಕೋತಾರೆ.

ಬೀದರಿನಿಂದ:
'ದೂರಬೈಠಕ್' ಅನ್ನಿ. ಸೆಷನ್ ಹುಟ್ಟಿದ್ದು ಕೂರುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಬೈಠಕ್ ಅಂದರೂ ಕೂರುವುದೇ. ಇಷ್ಟು ಸರಿಯಾಗಿ ಕೂಡುವ ಪದ ಇನ್ನೊಂದಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತು.

ಸೇಡಂನಿಂದ:
ದೂರ ಸಂಸ್ಕೃತ, ಬೈಠಕ್ ಉರ್ದು. ಇದರಲ್ಲಿ ಕನ್ನಡ ಎಲ್ಲಿದೆ ಸರ್? ಸುಮಾರು 850ರ ಕವಿರಾಜಮಾರ್ಗ ನಮ್ಮ ಮಳಖೇಡದ ಆಸ್ಥಾನದ್ದು. ಸಂಸ್ಕೃತ, ಕನ್ನಡ ಎರಡನ್ನೂ ಸಮಾಸದಲ್ಲಿ ಸುಮ್ಮನೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಅದು ಆಗಲೇ ಹೇಳಿದೆ. ಇಲ್ಲಿ ಹಾಲೇ ಇಲ್ಲ. 'ಗೆಂಟುಕೂಟ' ಎನ್ನಿ. ಗೆಂಟು ಎಂದರೆ ದೂರ, ಹಳಗನ್ನಡ. ಕೂಟದಲ್ಲಿ ಕೂರುವುದೂ ಬಂತು.

ಬೀದರಿನಿಂದ:
ಕೂಟ ಬಂದದ್ದು ಕೂಡುವುದರಿಂದ. ಕೂರುವುದರಿಂದಲ್ಲ. ಇನ್ನು ಗೆಂಟು ಅಂತ ಗೋಡೆಗೆ ಅಂಟಿಸಿದರೆ ಗಂಟು ತಪ್ಪಾಗಿ ಅಚ್ಚಾಗಿದೆ ಅಂತ ಯಾರಾದರೂ ಪೆನ್ನಿನಲ್ಲಿ ತಿದ್ದುತ್ತಾರೆ. ಉರ್ದು ಬೇಡ ಅಂದರೆ ಕುರ್ಚಿ, ಅರ್ಜಿ, ಕಚೇರಿ, ಜಿಲ್ಲೆ ಎಲ್ಲವನ್ನೂ ಬಿಡಬೇಕಾಗುತ್ತೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಊರಿನವರು ನಾವು. ಈ ಪದಗಳು ನಮ್ಮ ಮನೆಯವೇ.

ಸೇಡಂನಿಂದ:
ಮನೆಗೆ ಬಂದವರೆಲ್ಲ ಮನೆಯವರಾಗುವುದಿಲ್ಲ. ಜನ ಬಳಸಿ ಉಳಿಸಿಕೊಂಡ ಪದ ಬೇರೆ, ನೀವು ಈಗ ಕೂತು ಕಟ್ಟುವ ಪದ ಬೇರೆ. ಹೊಸದನ್ನು ಕಟ್ಟುವಾಗಲೂ ಕನ್ನಡ ಬೇಡವಾ?

ಯಾದಗಿರಿಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸ್ರಿ. ನಾನು ಸರ್ವರ್ ನೋಡ್ಕೊಳ್ಳೋ ಕೆಲಸದವನು. ಇಲ್ಲಿ ಸೆಷನ್ ಒಂದೇ ವಸ್ತು ಅಲ್ಲ. ಪುಟ್ಟಿಯ 'ಸೇವ್ಡ್ ಸೆಷನ್' ಎಂದರೆ ವಿಳಾಸ, ಪೋರ್ಟ್, ಬಣ್ಣ, ಅಕ್ಷರದ ಅಳತೆ ಬರೆದಿಟ್ಟ ಚೀಟಿ, ಅಷ್ಟೇ. ಅಲ್ಲಿ ಯಾರೂ ಕೂತಿಲ್ಲ. ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸುರಕ್ಷಿತವಾಗಿ ಸೇರುವ ವಿಧಾನ) ಸೆಷನ್ ಎಂದರೆ ಈಗ ನಡೆಯುತ್ತಿರುವ ಸಂಪರ್ಕ. ಕಿಟಕಿ ಮುಚ್ಚಿದರೆ ಅದು ಮುಗಿಯಿತು, ಅದರಲ್ಲಿ ಓಡುತ್ತಿದ್ದ ಕೆಲಸವೂ ಸಾಮಾನ್ಯವಾಗಿ ನಿಲ್ಲುತ್ತದೆ. ಟಿಮಕ್ಸ್ (tmux) ಅನ್ನೋದು ಸರ್ವರಿನಲ್ಲಿ ಓಡುವ ಒಂದು ತಂತ್ರಾಂಶ, ಅದರ ಸೆಷನ್ ಸರ್ವರಿನಲ್ಲೇ ಇರುತ್ತೆ. ನೆಟ್ ಹೋದರೂ ಬದುಕಿರುತ್ತೆ, ಮತ್ತೆ ಬಂದು ಸೇರಿಕೊಳ್ಳಬಹುದು. ಮೂರಕ್ಕೂ 'ಬೈಠಕ್' ಅಂದರೆ ಹುಡುಗರು ಕಿಟಕಿ ಮುಚ್ಚಿ ಮನೆಗೆ ಹೋಗ್ತಾರೆ, ಬೆಳಿಗ್ಗೆ ಕೆಲಸ ಮಾಯ.

ಆ ಹಾಳೆಗೆ ಪದವೇ ಬೇಡ ಅಕ್ಕಾರೆ. ಆಗುವುದನ್ನು ಬರೆಯಿರಿ: 'ಐಕಾನ್ ಒತ್ತಿದರೆ ಎಲ್ಲ ಸರ್ವರಿಗೂ ಕನೆಕ್ಟ್ ಆಗುತ್ತದೆ.' ಅಂದಹಾಗೆ ಬ್ಯಾಚ್ ಫೈಲಿನ ಪ್ರತಿ ಸಾಲಿನ ಆರಂಭದಲ್ಲಿ 'ಸ್ಟಾರ್ಟ್' ಎಂಬ ಆದೇಶ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲ ಕಿಟಕಿ ಮುಚ್ಚುವವರೆಗೆ ಎರಡನೆಯದು ತೆರೆಯುವುದೇ ಇಲ್ಲ. ಪಾಸ್‌ವರ್ಡನ್ನು ಮಾತ್ರ ಆ ಫೈಲಿನಲ್ಲಿ ಬರೆಯಬೇಡಿ, ಕೀ (ಪಾಸ್‌ವರ್ಡ್ ಬದಲಿಗೆ ಗುರುತು ತೋರಿಸುವ ಫೈಲ್) ಬಳಸಿ.

ಸೇಡಂನಿಂದ:
'ಕನೆಕ್ಟ್' ಏಕೆ? 'ಕೂಡಿಕೊಳ್ಳುತ್ತದೆ' ಸತ್ತಿದೆಯಾ?

ಕಲಬುರಗಿಯಿಂದ:
ಯಾದಗಿರಿ ಸರ್, ಸ್ಟಾರ್ಟ್ ಇದೆ. ನಿಮ್ಮ ಸಾಲನ್ನೇ ತಗೊಂಡೆ, 'ಕನೆಕ್ಟ್' ಇಟ್ಟುಕೊಂಡೆ. ಸೇವ್ಡ್ ಸೆಷನ್‌ಗೆ 'ಉಳಿಸಿದ ವಿಳಾಸ' ಎಂದು ಹಾಕಿ, ಕೆಳಗೆ 'ಕಿಟಕಿ ಮುಚ್ಚಿದರೆ ಕೆಲಸ ನಿಲ್ಲುತ್ತದೆ' ಎಂದು ಕೆಂಪಿನಲ್ಲಿ ಸೇರಿಸಿದ್ದೇನೆ. ಟಿಮಕ್ಸ್‌ನ 'ಡಿಟ್ಯಾಚ್'ಗೆ (ಸೆಷನ್ ಓಡುತ್ತಿರುವಂತೆಯೇ ಬಿಟ್ಟು ಹೊರಬರುವುದಕ್ಕೆ) ಮುಂದಿನ ವಾರ ಪದ ಬೇಕಾಗುತ್ತೆ. ಅದಕ್ಕೆ ಬೇರೆ ಮೇಲ್ ಹಾಕ್ತೀನಿ, ಇಲ್ಲೇ ಶುರು ಮಾಡಬೇಡಿ.