ಸಹಾಯ ಬೇಕು: 1951ರ ಷೆವ್ರೊಲೆ ಪಿಕಪ್‌ನ ಬಾಗಿಲು ಸರಿಯಾಗಿ ಕೂರುತ್ತಿಲ್ಲ

ಒಹಾಯೊದ ನಮ್ಮ ಮನೆಯಲ್ಲಿ ನಾನು ಪುನರುಜ್ಜೀವನಗೊಳಿಸುತ್ತಿರುವ 1951ರ ಷೆವ್ರೊಲೆ 3100 ಪಿಕಪ್‌ನ ಬಗ್ಗೆ ಅನುಭವಿಗಳ ಸಲಹೆ ಕೋರುತ್ತಿದ್ದೇನೆ. ತುಕ್ಕು ತಿಂದಿದ್ದ ಎಡಗಡೆಯ ರಾಕರ್ ಪ್ಯಾನೆಲ್ಲನ್ನೂ (ಬಾಗಿಲಿನ ಕೆಳಗಿನ ಉಕ್ಕಿನ ಪಟ್ಟಿ) ಕ್ಯಾಬಿನ (ಚಾಲಕ ಕೂರುವ ಭಾಗದ) ಹಿಂಮೂಲೆಯನ್ನೂ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿದ ಮೇಲೆ, ಬಾಗಿಲಿನ ಹಿಂಬದಿಯ ಸಂದು ಮೇಲ್ಗಡೆ 2 ಮಿ.ಮೀ., ಕೆಳಗಡೆ 9 ಮಿ.ಮೀ. ಆಗಿದೆ. ಮುಚ್ಚುವಾಗಲೆಲ್ಲ ಮೇಲಂಚು ಕಂಬಕ್ಕೆ ಉಜ್ಜಿ, ಪ್ರೈಮರ್ ಕಿತ್ತು ಉಕ್ಕು ಹೊಳೆಯುತ್ತಿದೆ. ಹಿಂಜಿನ ಪಿನ್ನುಗಳು ಹೊಸವು, ಬಾಗಿಲನ್ನು ಎತ್ತಿದರೆ ಅಲುಗುವುದಿಲ್ಲ. ಹಾಗಾಗಿ ಬಾಗಿಲನ್ನು ಬಿಚ್ಚಿಟ್ಟು, ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿಯದೆ ವೆಲ್ಡ್ ಮಾಡಿದ್ದರಿಂದಲೇ ಅದು ಸೊಟ್ಟಗಾಯಿತೆಂದು ನನ್ನ ಅನುಮಾನ. ಫೆಂಡರ್‌ಗಳನ್ನಾಗಲಿ ಬಾಗಿಲಿನ ರಬ್ಬರ್ ಪಟ್ಟಿಯನ್ನಾಗಲಿ ಇನ್ನೂ ಜೋಡಿಸಿಲ್ಲ. ಕ್ಯಾಬ್ ಮೌಂಟ್‌ಗಳ (ಕ್ಯಾಬನ್ನು ಚಾಸಿಗೆ ಬಿಗಿಯುವ ಆಧಾರಗಳ) ಕೆಳಗೆ ಶಿಮ್ (ತೆಳುವಾದ ಬಿಲ್ಲೆ) ಇಟ್ಟು ಇಷ್ಟು ವ್ಯತ್ಯಾಸವನ್ನು ಸರಿದೂಗಿಸಲು ಸಾಧ್ಯವೇ, ಅಥವಾ ವೆಲ್ಡ್ ಬಿಡಿಸಿ, ಬಾಗಿಲನ್ನು ಹಾಕಿಟ್ಟುಕೊಂಡೇ ರಾಕರನ್ನು ಮತ್ತೆ ಕೂರಿಸಬೇಕೇ? ಇದೇ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.