ಸಹಾಯ ಬೇಕು: ಓಪನ್ ಕಿಚನ್‌ಗೆ 3000, 4000, 6500 ಕೆಲ್ವಿನ್‌ನಲ್ಲಿ ಯಾವ್ ಲೈಟ್ ಹಾಕ್ಸೋದು?

ಎಲ್ರಿಗೂ ನಮಸ್ಕಾರ, ತುಮಕೂರಲ್ಲಿ ನಮ್ ಹಳೇ ಮನೆ ರಿಪೇರಿ ಮುಗೀತಾ ಬಂದಿದೆ, ಲೈಟ್ ಹಾಕ್ಸೋದೊಂದು ಬಾಕಿ. ಎಲೆಕ್ಟ್ರಿಷಿಯನ್ ಅಣ್ಣ ಎಲ್ಲಾ ಕಡೆ 6500 ಬಿಳಿ ಲೈಟೇ ಹಾಕ್ಸಿ ಮೇಡಂ ಬೆಳಕು ಜಾಸ್ತಿ ಬರುತ್ತೆ ಅಂತಾರೆ, ಆದ್ರೆ ಬೆಳಕು ಎಷ್ಟು ಅನ್ನೋದು ಲ್ಯೂಮೆನ್ ಮೇಲೆ ತಾನೇ, ಕೆಲ್ವಿನ್ ಬರೀ ಬಣ್ಣ ಹೇಳುತ್ತೆ, ಅದಕ್ಕೇ ಒಪ್ಪೋಕೆ ಮನಸ್ಸಾಗ್ತಿಲ್ಲ. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಆ ನೀಲಿ ಛಾಯೆ ಬೆಳಕಲ್ಲಿ ಕೆಂಪೆಲ್ಲ ಮಂಕಾಗಿ ಕಾಣುತ್ತೆ, ಹಾಗಾಗಿ ಹಾಲ್, ಬೆಡ್‌ರೂಮ್, ದೇವರಮನೆಗೆ 2700 ಇಲ್ಲಾ 3000ದ ಹಳದಿ ಲೈಟ್ ಅಂದ್ಕೊಂಡಿದೀನಿ.

ತಲೆಬಿಸಿ ಇರೋದು ಅಡುಗೆಮನೆದು. ಅತ್ತೆಗೆ ವಯಸ್ಸಾಗಿದೆ, ಅಕ್ಕಿ ಬೇಳೇಲಿ ಕಲ್ಲು ಹುಳ ನೋಡೋಕೆ ಹಳದಿ ಬೆಳಕಲ್ಲಿ ಆಗಲ್ಲ ಅಂತಾರೆ, ಅವ್ರು ಹೇಳೋದೂ ಸರೀನೇ, ಆದ್ರೆ ಹಾಲ್‌ಗೂ ಅಡುಗೆಮನೆಗೂ ಮಧ್ಯೆ ಗೋಡೆ ಇಲ್ಲ, ಒಂದ್ಕಡೆ ಹಳದಿ ಒಂದ್ಕಡೆ ಬಿಳಿ ಇದ್ರೆ ಕಣ್ಣಿಗೆ ಕಿರಿಕಿರಿ ಆಗುತ್ತಾ? ಅಡುಗೆಮನೆಗೆ ಎರಡರ ಮಧ್ಯದ ಬಣ್ಣದ 4000ದು, ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋ ಅಳತೆ, 100ಕ್ಕೆ) 90 ಮೇಲಿರೋದು ತಗೊಂಡ್ರೆ ಸಾಕಾ, ಇಲ್ಲಾ ಎಲ್ಲಾ ಕಡೆ 3000 ಹಾಕಿ ಕಟ್ಟೆ ಮೇಲೆ ಮಾತ್ರ ಬಿಳಿ ಸ್ಟ್ರಿಪ್ ಲೈಟ್ ಕೊಡ್ಸೋದಾ? ಹೀಗೆ ಓಪನ್ ಕಿಚನ್ ಇರೋರು ಏನ್ ಹಾಕಿದೀರ ಹೇಳಿ, ರಾತ್ರಿ ಹೊತ್ತಿನ ಫೋಟೋ ಇದ್ರೆ ದಯವಿಟ್ಟು ಕಳ್ಸಿ.